ಹಳತಾದಷ್ಟೂ ಒಪ್ಪುವ ಉಡುಗೆ: ಪ್ರೆಪಿ ಶೈಲಿಗೊಂದು ಮಾರ್ಗದರ್ಶಿ

ಅಮೆರಿಕದ ಈಶಾನ್ಯ ಭಾಗದ ಮೆಸಾಚುಸೆಟ್ಸ್, ಕನೆಕ್ಟಿಕಟ್, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸುವ ಹಳೆಯ ವಸತಿ ಶಾಲೆಗಳಿವೆ. 1778ರಲ್ಲಿ ಆಂಡೋವರ್‌ನಲ್ಲಿ ಆರಂಭವಾದ ಫಿಲಿಪ್ಸ್ ಅಕಾಡೆಮಿ ಮತ್ತು 1781ರಲ್ಲಿ ಸ್ಥಾಪನೆಯಾದ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ ಅವುಗಳಲ್ಲಿ ಹೆಸರಾದವು. ‘ಪ್ರಿಪರೇಟರಿ’ ಎಂಬ ಪದವನ್ನು ಮೊಟಕುಗೊಳಿಸಿ ಇವನ್ನು ಪ್ರೆಪ್ ಶಾಲೆಗಳೆಂದು ಕರೆಯುತ್ತಾರೆ. ಅಲ್ಲಿ ಕಲಿತು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳಿಗೆ ಹೋದವರು ಉಟ್ಟು ತೊಟ್ಟ ಬಗೆ, ಓದಿದ ಬಗೆ, ಬಿಡುವು ಕಳೆದ ಬಗೆ, ಅತಿಥಿಗಳನ್ನು ಕರೆದು ಕೂರಿಸಿದ ಬಗೆ, ಎಲ್ಲ ಸೇರಿ ಪ್ರೆಪಿ ಶೈಲಿ ಎಂದಾಯಿತು.

ನಾನು ಬಾಸ್ಟನ್ ನಗರದ ಹೊರವಲಯಕ್ಕೆ ಬಂದು ನೆಲೆಸಿದ ಮೊದಲ ಬೇಸಿಗೆಯಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ಸಂಜೆಗೆ ಕರೆದಿದ್ದರು. ಅವರು ತೊಟ್ಟಿದ್ದ ತಿಳಿನೀಲಿ ಅಂಗಿಯ ಕಾಲರ್ ಮಡಿಕೆಯಲ್ಲಿ ಸವೆದು ಬಿಳಿಯ ನೂಲು ಹೊರಗೆ ಇಣುಕುತ್ತಿತ್ತು. ಶೂವಿನ ಹಿಮ್ಮಡಿಯನ್ನು ಆಗಷ್ಟೇ ಹೊಸದಾಗಿ ಹಾಕಿಸಿದ್ದರು. ಮೇಲಿನ ಚರ್ಮ ಮಾತ್ರ ಹಳೆಯದು, ಪಾಲಿಶ್ ತಿಂದು ತಿಂದು ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ಪಾಪ, ಕೈ ಬಿಗಿಯಿರಬೇಕು ಎಂದುಕೊಂಡೆ. ಅದು ಅಲ್ಲಿಯ ರೂಢಿ, ಸವೆದ ಕಾಲರ್ ಅಲ್ಲಿ ನಾಚಿಕೆಯ ಸಂಗತಿಯಲ್ಲ ಎಂದು ಅರ್ಥವಾಗಲು ನನಗೆ ಒಂದೆರಡು ವರ್ಷಗಳೇ ಬೇಕಾದವು. ಒಳ್ಳೆಯ ವಸ್ತುವನ್ನು ಒಮ್ಮೆ ಕೊಂಡು, ದಿನವೂ ಬಳಸಿ, ಹರಿದಾಗ ಹೊಲಿಸಿ, ಮತ್ತೆ ಬಳಸುವುದೇ ಈ ಶೈಲಿಯ ಜೀವಾಳ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಡೀ ಉಡುಪನ್ನು ಒಂದೇ ದಿನ ಅಂಗಡಿಯಿಂದ ಹೊಸದಾಗಿ ತಂದು ತೊಟ್ಟವರು ಎಷ್ಟೇ ಖರ್ಚು ಮಾಡಿದ್ದರೂ ನಾಟಕದ ವೇಷ ಹಾಕಿದಂತೆ ಕಾಣುತ್ತಾರೆ.

ಇದು ನಮ್ಮದಲ್ಲದ ಶೈಲಿ, ನಮಗೇಕೆ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ಈ ವಿದ್ಯಾಸಂಸ್ಥೆಗಳ ಬಾಗಿಲು ಬಹುಕಾಲ ಎಲ್ಲರಿಗೂ ತೆರೆದಿರಲಿಲ್ಲ. ಯೇಲ್ ಮತ್ತು ಪ್ರಿನ್ಸ್‌ಟನ್ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದೇ 1969ರಲ್ಲಿ. ಆದರೆ ಈ ಉಡುಗೆಯನ್ನು ರೂಪಿಸಿದವರಲ್ಲಿ ಹೊರಗಿನವರೇ ಹಲವರಿದ್ದಾರೆ. 1902ರಲ್ಲಿ ಯೇಲ್ ಪಕ್ಕದಲ್ಲಿ ಜೆ. ಪ್ರೆಸ್ ಅಂಗಡಿ ತೆರೆದ ಜಾಕೋಬಿ ಪ್ರೆಸ್ ಲಾಟ್ವಿಯಾದಿಂದ ವಲಸೆ ಬಂದ ಯಹೂದಿ. 1950ರ ದಶಕದಲ್ಲಿ ಇದೇ ಅಂಗಿ, ಇದೇ ಕೋಟನ್ನು ತೊಟ್ಟು ಅದಕ್ಕೊಂದು ಹೊಸ ಕಳೆ ತಂದವರು ಆಫ್ರಿಕನ್-ಅಮೆರಿಕನ್ ಜಾಜ್ ಕಹಳೆಗಾರ ಮೈಲ್ಸ್ ಡೇವಿಸ್. 1967ರಲ್ಲಿ ಪೋಲೋ ಹೆಸರಿನಲ್ಲಿ ಟೈ ಮಾರಲು ಆರಂಭಿಸಿದ ರಾಲ್ಫ್ ಲಾರೆನ್ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ವಲಸಿಗ ಕುಟುಂಬದ ಹುಡುಗ. ಜಪಾನಿನ ಯುವಕರಿಗೆ ಈ ಉಡುಗೆಯನ್ನು ಕಲಿಸಿದವರು ಕೆನ್‌ಸುಕೆ ಇಷಿಜು. ನಮ್ಮ ಸಂಬಂಧವಂತೂ ಇನ್ನೂ ಹಳೆಯದು. ಬಟ್ಟೆಯ ವಿಷಯಕ್ಕೆ ಬಂದಾಗ ಅದನ್ನು ವಿವರವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಬೀರುವಿನಲ್ಲಿ ಏನಿದೆ ಎಂದು ನೋಡಿ

ಏನನ್ನೂ ಕೊಳ್ಳುವ ಮೊದಲು ಒಂದು ಭಾನುವಾರ ಬೀರು ಖಾಲಿ ಮಾಡಿ ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ. ಗಾಢ ನೀಲಿಯ ಬ್ಲೇಜರ್ ಒಂದು, ತಿಳಿನೀಲಿ ಮತ್ತು ಬಿಳಿಯ ಹತ್ತಿಯ ಅಂಗಿ ಎರಡು, ಖಾಕಿ ಬಣ್ಣದ ಹತ್ತಿ ಪ್ಯಾಂಟ್ ಎರಡು, ಉಣ್ಣೆಯ ಸ್ವೆಟರ್ ಒಂದು, ಲೇಸ್ ಇಲ್ಲದ ಚರ್ಮದ ಶೂ ಒಂದು ಜೊತೆ, ಇಷ್ಟಿದ್ದರೆ ತಳಪಾಯ ಮುಗಿಯಿತು. ಹೆಂಗಸರಿಗೂ ಈ ಪಟ್ಟಿ ಹೆಚ್ಚು ಬದಲಾಗುವುದಿಲ್ಲ. ಮಂಡಿಯವರೆಗಿನ ಸಾದಾ ಲಂಗವೊಂದನ್ನೋ ಹತ್ತಿಯ ಉಡುಪೊಂದನ್ನೋ ಸೇರಿಸಿಕೊಂಡರಾಯಿತು. ಇವುಗಳಲ್ಲಿ ಅರ್ಧದಷ್ಟು ನಿಮ್ಮಲ್ಲಿ ಈಗಾಗಲೇ ಇರುತ್ತದೆ. ಇಲ್ಲದ್ದನ್ನು ವರ್ಷಕ್ಕೆ ಒಂದೋ ಎರಡೋ ಎಂಬಂತೆ ಕೊಳ್ಳಿ. ಅಮೆರಿಕದಲ್ಲಿರುವವರು ಹಳೆಯ ಕಾಲೇಜು ಊರುಗಳ ಸೆಕೆಂಡ್‌ಹ್ಯಾಂಡ್ ಅಂಗಡಿಗಳನ್ನು ಮೊದಲು ನೋಡಬೇಕು. ಅಲ್ಲಿ ಸಿಗುವ ಬ್ಲೇಜರ್ ಈಗಾಗಲೇ ಒಬ್ಬರ ಹೆಗಲಿನಲ್ಲಿ ಹದಗೊಂಡಿರುತ್ತದೆ. ಹೆಗಲಿಗೆ ದಪ್ಪ ಪ್ಯಾಡ್ ಇಲ್ಲದ, ಹೆಗಲಿನ ಸಹಜ ಇಳಿಜಾರನ್ನೇ ಅನುಸರಿಸುವ ಬ್ಲೇಜರನ್ನು ಆರಿಸಿ. ಸೊಂಟದ ಬಳಿ ಬಿಗಿಯಾಗಿ ಹಿಡಿಯುವಂಥದ್ದು ಈ ಶೈಲಿಗೆ ಸಲ್ಲದು.

ಎರಡನೆಯ ಹೆಜ್ಜೆ: ಅಂಗಿಯ ಕಾಲರ್

ಈ ಉಡುಗೆಯ ಗುರುತು ಇರುವುದು ಎದೆಯ ಮೇಲಿನ ಲಾಂಛನದಲ್ಲಲ್ಲ, ಕಾಲರಿನಲ್ಲಿ. ಕುದುರೆ ಓಡುವಾಗ ಕಾಲರ್ ಮುಖಕ್ಕೆ ಬಡಿಯದಂತೆ ಇಂಗ್ಲೆಂಡಿನ ಪೋಲೋ ಆಟಗಾರರು ಅದರ ತುದಿಗಳಿಗೆ ಗುಂಡಿ ಹಾಕಿಕೊಂಡಿದ್ದನ್ನು ನ್ಯೂಯಾರ್ಕಿನ ಉಡುಪಿನ ಕಂಪನಿ ಬ್ರೂಕ್ಸ್ ಬ್ರದರ್ಸ್ ಮನೆತನದ ಜಾನ್ ಬ್ರೂಕ್ಸ್ ಕಂಡು, 1896ರಲ್ಲಿ ಅಂಥ ಅಂಗಿಯನ್ನು ಅಮೆರಿಕಕ್ಕೆ ತಂದರು. ಗುಂಡಿ ಹಾಕಿದಾಗ ಕಾಲರ್ ಚಪ್ಪಟೆಯಾಗಿ ಎದೆಗೆ ಅಂಟಿಕೊಳ್ಳಬಾರದು. ಕತ್ತಿನ ಬಳಿಯಿಂದ ಗುಂಡಿಯವರೆಗೆ ಸಣ್ಣ ಅಲೆಯ ಹಾಗೆ ಉಬ್ಬಿ ಇಳಿಯಬೇಕು. ಆ ಉಬ್ಬು ಬರಬೇಕಾದರೆ ಎರಡು ಸಂಗತಿ ಸರಿಯಿರಬೇಕು. ಕಾಲರಿನ ತುದಿ ಮೂರು ಅಂಗುಲಕ್ಕಿಂತ ಸ್ವಲ್ಪ ಉದ್ದವಿರಬೇಕು ಮತ್ತು ಒಳಗೆ ಗಟ್ಟಿ ಬಕ್ರಂ ಇರಬಾರದು. ನಿಮ್ಮ ಟೈಲರ್ ಬಳಿ ಹೊಲಿಸುವಾಗ ಈ ಎರಡನ್ನೂ ಒತ್ತಿ ಹೇಳಿ, ಸಾಧ್ಯವಾದರೆ ಒಂದು ಹಳೆಯ ಅಂಗಿಯನ್ನು ಮಾದರಿಗೆ ಕೊಡಿ. ಬಟ್ಟೆ ಆಕ್ಸ್‌ಫರ್ಡ್ ಆಗಿರಲಿ. ಬುಟ್ಟಿ ಹೆಣೆದಂತೆ ಎರಡೆರಡು ಎಳೆ ಸೇರಿಸಿ ನೇಯ್ದ ಈ ಹತ್ತಿ ಬಟ್ಟೆ ಮೊದಲು ಒರಟಾಗಿದ್ದು, ಒಗೆದಷ್ಟೂ ಮೆತ್ತಗಾಗುತ್ತದೆ.

ಒಗೆದ ಅಂಗಿಯನ್ನು ಹಿಂಡಿ ಮುದ್ದೆ ಮಾಡದೆ ಹ್ಯಾಂಗರಿಗೆ ಹಾಕಿ, ಕಾಲರ್ ಮತ್ತು ಗುಂಡಿಪಟ್ಟಿಯನ್ನು ಒದ್ದೆಯಿರುವಾಗಲೇ ಕೈಯಿಂದ ಎಳೆದು ನೇರಮಾಡಿದರೆ ಇಸ್ತ್ರಿಯ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ. ಕಾಲರ್ ಸವೆದಾಗ ಅಂಗಿಯನ್ನು ಎಸೆಯಬೇಡಿ. ಕಾಲರನ್ನು ಬಿಚ್ಚಿ, ಸವೆದ ಮಗ್ಗುಲು ಒಳಗಾಗುವಂತೆ ತಿರುಗಿಸಿ ಹೊಲಿಯುವ ಕೆಲಸ ಹಳೆಯ ಟೈಲರುಗಳಿಗೆಲ್ಲ ಗೊತ್ತು; ನಮ್ಮ ತಂದೆಯ ಕಾಲದಲ್ಲಿ ಅದು ಮನೆಮನೆಯ ಪದ್ಧತಿಯೂ ಆಗಿತ್ತು.

ಮೂರನೆಯ ಹೆಜ್ಜೆ: ಖಾಕಿ, ಶೀರ್‌ಸಕ್ಕರ್, ಮದರಾಸು ಚೌಕುಳಿ

ಖಾಕಿ ಎಂದರೆ ಧೂಳಿನ ಬಣ್ಣದ್ದು. ಆ ಬಣ್ಣದ ಚರಿತ್ರೆಯಲ್ಲಿ ಕನ್ನಡ ನಾಡಿಗೊಂದು ಪಾಲಿದೆ: ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬವರು 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣ ಅದ್ದುವ ವಿಧಾನವನ್ನು ಹದಕ್ಕೆ ತಂದರು. ಬ್ರಿಟಿಷ್ ಸೈನ್ಯದ ಮೂಲಕ ಜಗತ್ತನ್ನು ಸುತ್ತಿದ ಈ ಬಣ್ಣ ಅಮೆರಿಕದ ಸೈನ್ಯಕ್ಕೂ ಹೋಯಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ 1944ರ ಕಾಯಿದೆಯ ಮೂಲಕ ಓದಿನ ವೆಚ್ಚ ಕೊಟ್ಟಾಗ ಅವರು ತಮ್ಮ ಸೈನ್ಯದ ಪ್ಯಾಂಟನ್ನೇ ತೊಟ್ಟು ತರಗತಿಗೆ ಬಂದರು. ಅಲ್ಲಿಂದ ಅದು ಕಾಲೇಜಿನ ಉಡುಪಾಯಿತು. ಕೊಳ್ಳುವಾಗ ಹಿಗ್ಗುವ ಎಳೆ ಬೆರೆಯದ, ಸೊಂಟದ ಮೇಲೆ ಸರಿಯಾಗಿ ಕೂರುವ, ಕಾಲಿಗೆ ಅಂಟದ ಪ್ಯಾಂಟನ್ನು ಆರಿಸಿ.

ಬೇಸಿಗೆಗೆ ಶೀರ್‌ಸಕ್ಕರ್ ಎಂಬ ಗೆರೆಬಟ್ಟೆಯಿದೆ. ಹೆಸರು ಪಾರಸಿ ಮೂಲದ್ದು, ಹಾಲು-ಸಕ್ಕರೆ ಎಂದು ಅರ್ಥ: ಒಂದು ಗೆರೆ ಹಾಲಿನಂತೆ ನಯ, ಪಕ್ಕದ್ದು ಸಕ್ಕರೆಯಂತೆ ತರಿತರಿ. ಮಗ್ಗದಲ್ಲಿ ಕೆಲವು ಹಾಸುನೂಲುಗಳನ್ನು ಬಿಗಿಯಾಗಿಯೂ ಕೆಲವನ್ನು ಸಡಿಲವಾಗಿಯೂ ಬಿಟ್ಟು ನೇಯುವುದರಿಂದ ಬಟ್ಟೆ ಅಲ್ಲಲ್ಲಿ ಸುಕ್ಕುಗಟ್ಟಿ ಮೈಗೆ ಅಂಟದೆ ನಿಲ್ಲುತ್ತದೆ. ಇದಕ್ಕೆ ಇಸ್ತ್ರಿ ಬೇಡ. ಮಾಡಿದರೆ ಬಟ್ಟೆಯ ಗುಣವೇ ಹಾಳಾಗುತ್ತದೆ.

ಇನ್ನು ಮದರಾಸು ಚೌಕುಳಿ. ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಎಲೈಹು ಯೇಲ್ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದವನು. ಅಲ್ಲಿ ವ್ಯಾಪಾರದಿಂದ ಸಂಪತ್ತು ಕೂಡಿಸಿ, 1718ರಲ್ಲಿ ಕನೆಕ್ಟಿಕಟ್‌ನ ಪುಟ್ಟ ಕಾಲೇಜೊಂದಕ್ಕೆ ಪುಸ್ತಕಗಳ ಜೊತೆಗೆ ಬಟ್ಟೆಯ ಮೂಟೆಗಳನ್ನೂ ಕಳುಹಿಸಿದ. ಆ ಸರಕನ್ನು ಮಾರಿ ಬಂದ ಹಣವನ್ನು ಕಟ್ಟಡಕ್ಕೆ ಹಾಕಿ ಕಾಲೇಜು ಅವನ ಹೆಸರನ್ನು ಇಟ್ಟುಕೊಂಡಿತು. ಗುಲಾಮರ ವ್ಯಾಪಾರದಲ್ಲಿ ಅವನ ಕೈಯಿದ್ದುದನ್ನು ಇಂದು ಆ ವಿಶ್ವವಿದ್ಯಾಲಯವೇ ಮುಚ್ಚಿಡದೆ ಚರ್ಚಿಸುತ್ತಿದೆ. ಈ ಬಟ್ಟೆಯನ್ನು ಮೆಚ್ಚುವವರು ಅದನ್ನೂ ತಿಳಿದಿರಬೇಕು. ಮುಂದೆ 1958ರಲ್ಲಿ ವಿಲಿಯಂ ಜೇಕಬ್ಸನ್ ಎಂಬ ಅಮೆರಿಕದ ವ್ಯಾಪಾರಿ, ಕಣ್ಣೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಟ್ಟೆ ರಫ್ತು ಮಾಡುತ್ತಿದ್ದ ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್ ಅವರಿಂದ ಈ ಬಟ್ಟೆಯನ್ನು ಕೊಂಡದ್ದು, ಅದು ಬ್ರೂಕ್ಸ್ ಬ್ರದರ್ಸ್ ಅಂಗಡಿಗೆ ಹೋದದ್ದು, ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಬೇಕೆಂದು ಯಾರೂ ತಿಳಿಸದ ಕಾರಣ ಬಣ್ಣ ಬಿಟ್ಟು ಗ್ರಾಹಕರು ಸಿಟ್ಟಾದದ್ದು ಬಟ್ಟೆ ವ್ಯಾಪಾರದಲ್ಲಿ ಹೆಸರಾದ ಪ್ರಸಂಗ. ಕೊನೆಗೆ ಬಣ್ಣ ಬಿಡುವುದೇ ಇದರ ಹೆಚ್ಚುಗಾರಿಕೆ, ಪ್ರತಿ ಒಗೆತಕ್ಕೂ ಬಟ್ಟೆ ಹೊಸ ಬಣ್ಣ ತಳೆಯುತ್ತದೆ ಎಂದು ಪ್ರಚಾರ ಮಾಡಿದ ಮೇಲೆ ಅದೇ ಬಟ್ಟೆಗೆ ಜನ ಮುಗಿಬಿದ್ದರು. ಈ ನಾಯರ್ ಅವರೇ ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದವರು.

ನಮ್ಮಲ್ಲಿ ಲುಂಗಿ ಎಂದರೆ ಸಾಕು, ಈ ಚೌಕುಳಿ ಕಣ್ಣ ಮುಂದೆ ಬರುತ್ತದೆ. ಅಲ್ಲಿ ಅದೇ ಬಟ್ಟೆ ಬೇಸಿಗೆಯ ಅಂಗಿಯಾಗುತ್ತದೆ, ಕೋಟಾಗುತ್ತದೆ, ನಾನಾ ಚೌಕುಳಿಗಳ ತುಂಡುಗಳನ್ನು ಜೋಡಿಸಿ ಹೊಲಿದ ಪ್ಯಾಂಟೂ ಆಗುತ್ತದೆ. ಊರಿಗೆ ಬಂದಾಗ ಕೈಮಗ್ಗದ ಅಂಗಡಿಯಲ್ಲಿ ಎರಡೂವರೆ ಮೀಟರ್ ಕೊಂಡು ಹೊಲಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಎದೆಯ ಎರಡೂ ಭಾಗಗಳಲ್ಲಿ, ಜೇಬಿನ ಮೇಲೆ, ಚೌಕಗಳು ಒಂದಕ್ಕೊಂದು ಕೂಡಿಕೊಳ್ಳುವಂತೆ ಕತ್ತರಿಸಲು ಹೇಳಿ. ಅದಕ್ಕಾಗಿ ಕಾಲು ಮೀಟರ್ ಹೆಚ್ಚು ಬೇಕೆಂದು ಟೈಲರ್ ಕೇಳಿದರೆ ಕೊಡಿ. ಇಂದಿನ ಚೌಕುಳಿಗಳಲ್ಲಿ ಹೆಚ್ಚಿನವು ಬಣ್ಣ ಬಿಡುವುದಿಲ್ಲ, ಆದರೂ ಪರೀಕ್ಷಿಸದೆ ಮೆಷಿನ್ನಿಗೆ ಹಾಕಬೇಡಿ. ನನ್ನ ಕೈಮಗ್ಗದ ಅಂಗಿಯನ್ನು ಮೊದಲ ಸಲ ಬಕೆಟ್ ತಣ್ಣೀರಿಗೆ ಹಿಡಿಯಷ್ಟು ಉಪ್ಪು ಹಾಕಿ ನೆನೆಸಿದಾಗ ಮೊದಲು ತೋಳಿನ ಮಡಿಕೆಯಿಂದ ನೀಲಿಯ ಒಂದು ಎಳೆ ಹೊಗೆಯಂತೆ ಹೊರಟು, ಕಾಲು ಗಂಟೆಯಲ್ಲಿ ನೀರೆಲ್ಲ ನೇರಳೆಹಣ್ಣು ಹಿಂಡಿದಂತಾಯಿತು. ನಾಲ್ಕನೆಯ ಒಗೆತಕ್ಕೆ ನೀರು ತಿಳಿಯಾಗಿ ಉಳಿಯಿತು. ಅಷ್ಟರಲ್ಲಿ ಚೌಕದ ಗೆರೆಗಳ ಅಂಚು ಕದಡಿ, ಕೆಂಪಿಗೂ ನೀಲಿಗೂ ನಡುವೆ ಅದಕ್ಕೆ ಮೊದಲು ಇಲ್ಲದಿದ್ದ ಒಂದು ಮಬ್ಬು ಬಣ್ಣ ಮೂಡಿತ್ತು. ನೆರಳಿನಲ್ಲಿ, ಒಳಮಗ್ಗುಲು ಹೊರಗೆ ಮಾಡಿ ಒಣಗಿಸಿ.

ನಾಲ್ಕನೆಯ ಹೆಜ್ಜೆ: ಸ್ವೆಟರ್ ಮತ್ತು ಶೂ

ಸ್ವೆಟರ್ ಶೆಟ್ಲೆಂಡ್ ಉಣ್ಣೆಯದ್ದಾಗಿರಲಿ. ನನ್ನ ಮೊದಲ ಸ್ವೆಟರನ್ನು ಗೊತ್ತಿಲ್ಲದೆ ಬಿಸಿ ಡ್ರೈಯರಿಗೆ ಹಾಕಿ, ಎಂಟು ವರ್ಷದ ಮಗುವಿನ ಅಳತೆಗೆ ಇಳಿಸಿದ್ದೇನೆ. ಆ ನಷ್ಟ ನಿಮಗೆ ಬೇಡ. ತಣ್ಣೀರು, ಮೃದು ಸೋಪು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತುವುದು, ಚಪ್ಪಟೆಯಾಗಿ ಹರಡಿ ಒಣಗಿಸುವುದು, ಕ್ರಮ ಇಷ್ಟೇ. ಎತ್ತಿಡುವಾಗ ನುಸಿಗುಳಿಗೆಯ ವಾಸನೆ ಹಿಡಿಸದವರು ಸೀಡರ್ ಮರದ ತುಂಡುಗಳನ್ನು ಇಡಬಹುದು. ಮೊಣಕೈ ತೂತಾದರೆ ರಫು ಮಾಡಿಸಿ ಅಥವಾ ಚರ್ಮದ ತೇಪೆ ಹಾಕಿಸಿ. ಈ ಉಡುಗೆಯಲ್ಲಿ ತೇಪೆಗೂ ಮರ್ಯಾದೆಯಿದೆ.

ಶೂಗಳಲ್ಲಿ ಮೂರನ್ನು ತಿಳಿದಿದ್ದರೆ ಸಾಕು. 1936ರಲ್ಲಿ ಮೇಯ್ನ್ ರಾಜ್ಯದ ಜಿ. ಎಚ್. ಬಾಸ್ ಕಂಪನಿ ನಾರ್ವೆಯ ಮಾದರಿಯನ್ನು ನೋಡಿ ಮಾಡಿದ ‘ವೀಜನ್’ ಲೋಫರ್ ಕಾಲೇಜಿನ ಶೂವಾಯಿತು. ಮೇಲಿನ ಪಟ್ಟಿಯ ಸೀಳಿನಲ್ಲಿ ವಿದ್ಯಾರ್ಥಿಗಳು ಒಂದು ಪೆನ್ನಿ ನಾಣ್ಯ ಸಿಕ್ಕಿಸುತ್ತಿದ್ದರು. 1935ರಲ್ಲಿ ಪಾಲ್ ಸ್ಪೆರಿ ತನ್ನ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ಕಂಡು, ಅದರ ಅಂಗಾಲಿನ ಗೆರೆಗಳಂತೆ ರಬ್ಬರ್ ಅಟ್ಟೆಯನ್ನು ಸೀಳಿ ದೋಣಿಯ ಶೂ ಮಾಡಿದ. 1912ರಲ್ಲಿ ಎಲ್. ಎಲ್. ಬೀನ್ ರಬ್ಬರ್ ತಳಕ್ಕೆ ಚರ್ಮದ ಮೇಲ್ಭಾಗ ಹೊಲಿದು ಮಾಡಿದ ಮೊದಲ 100 ಜೊತೆ ಬೂಟುಗಳಲ್ಲಿ 90 ಹೊಲಿಗೆ ಬಿಟ್ಟು ವಾಪಸು ಬಂದವು. ಬೀನ್ ಹಣ ಹಿಂದಿರುಗಿಸಿ, ಸರಿಪಡಿಸಿ ಮತ್ತೆ ಮಾಡಿದ. ಹಿಮ ಬೀಳುವ ಊರಿನಲ್ಲಿರುವವರಿಗೆ ಇದಕ್ಕಿಂತ ಉಪಯುಕ್ತ ಬೂಟು ಬೇರೆಯಿಲ್ಲ, ಅಟ್ಟೆ ಸವೆದರೆ ಆ ಕಂಪನಿಯೇ ಹೊಸದನ್ನು ಹಾಕಿಕೊಡುತ್ತದೆ. ಚರ್ಮದ ಶೂವನ್ನು ಸತತ ಎರಡು ದಿನ ತೊಡಬೇಡಿ. ಒಂದು ದಿನ ಒಳಗೆ ಮರದ ಅಚ್ಚಿಟ್ಟು ಆರಲು ಬಿಡಿ.

ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೆ ಮಾತ್ರ ಬಿಳಿ ಪ್ಯಾಂಟ್ ಎಂಬ ಹಳೆಯ ನಿಯಮ ಅಲ್ಲಿದೆ. ಅದು ಅಲ್ಲಿಯ ಋತುವಿಗೆ ಹುಟ್ಟಿದ್ದು. ಬೆಂಗಳೂರಿನಲ್ಲಿ ಅದನ್ನು ಪಾಲಿಸುವುದಕ್ಕೆ ಅರ್ಥವಿಲ್ಲ.

ಐದನೆಯ ಹೆಜ್ಜೆ: ಪರಿಕರಗಳು

ಒಮ್ಮೆಗೆ ಮೂರಕ್ಕಿಂತ ಹೆಚ್ಚು ಪರಿಕರಗಳು ಕಣ್ಣಿಗೆ ಬೀಳಬಾರದು ಎಂಬುದು ನಾನು ಇಟ್ಟುಕೊಂಡ ಲೆಕ್ಕ. ಗಡಿಯಾರದಿಂದ ಆರಂಭಿಸುವುದು ಸುಲಭ. ನಿಮ್ಮಲ್ಲಿರುವ ಹಳೆಯ ಗಡಿಯಾರದ ಕೊಂಡಿಗಳ ನಡುವಿನ ಅಂತರವನ್ನು ಅಳೆದು, ಸಾಮಾನ್ಯವಾಗಿ ಅದು 18 ಅಥವಾ 20 ಮಿಲಿಮೀಟರ್ ಇರುತ್ತದೆ, ಆ ಅಗಲದ ಗೆರೆಗೆರೆಯ ಬಟ್ಟೆಯ ಪಟ್ಟಿ ತಂದು ಹಾಕಿಕೊಳ್ಳಿ. ಟೈ ಕೊಳ್ಳುವಾಗ ಗೆರೆಗಳ ದಿಕ್ಕನ್ನು ನೋಡಿ. ಬ್ರಿಟಿಷ್ ರೆಜಿಮೆಂಟುಗಳ ಗೆರೆ ತೊಟ್ಟವರ ಎಡ ಹೆಗಲಿನಿಂದ ಬಲಕ್ಕೆ ಇಳಿಯುತ್ತದೆ. ಅಮೆರಿಕದವರು ಅದನ್ನು ಬೇಕೆಂದೇ ತಿರುಗಿಸಿ ಬಲ ಹೆಗಲಿನಿಂದ ಇಳಿಯುವಂತೆ ಮಾಡಿಕೊಂಡರು, ಏಕೆಂದರೆ ತಾವು ಸೇರದ ರೆಜಿಮೆಂಟಿನ ಗುರುತನ್ನು ತೊಡುವುದು ಸಭ್ಯತೆಯಲ್ಲ. ಯಾವುದೇ ಶಾಲೆ, ಕ್ಲಬ್ಬಿನ ಲಾಂಛನಕ್ಕೂ ಇದೇ ಮಾತು ಸಲ್ಲುತ್ತದೆ. ಹೆಂಗಸರಿಗೆ ಒಂದೆಳೆ ಮುತ್ತಿನ ಸರ ಸ್ವೆಟರಿನ ಮೇಲೂ ಒಪ್ಪುತ್ತದೆ, ಹತ್ತಿ ಸೀರೆಯ ಮೇಲೂ ಒಪ್ಪುತ್ತದೆ.

ಬೆಲ್ಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಜಾಲರಿಯಂಥ ಕ್ಯಾನ್ವಾಸಿನ ಮೇಲೆ ಉಣ್ಣೆಯ ನೂಲಿನಿಂದ ಮನೆಯವರೇ ತಿಂಗಳುಗಟ್ಟಲೆ ಕೂತು ಕಸೂತಿ ಹಾಕಿ, ಚರ್ಮದ ಪಟ್ಟಿಗೆ ಹೊಲಿಸಿ ಉಡುಗೊರೆ ಕೊಡುವ ಬೆಲ್ಟ್ ಈ ಶೈಲಿಯ ಅತ್ಯಂತ ಆಪ್ತವಾದ ವಸ್ತು. ತೊಡುವವರಿಗೆ ಪ್ರಿಯವಾದ ದೋಣಿ, ನಾಯಿ, ಮನೆಯ ಚಿತ್ರಗಳು ಅದರ ಮೇಲಿರುತ್ತವೆ. ಎಳೆಗಳನ್ನು ಎಣಿಸಿ ಹಾಕುವ ಈ ಕೆಲಸಕ್ಕೂ ನಮ್ಮ ಧಾರವಾಡದ ಕಸೂತಿಗೂ ಕೈಕೆಲಸದ ನೆಂಟಸ್ತಿಕೆಯಿದೆ. ಅಲ್ಲಿಯೂ ಬಟ್ಟೆಯ ಮೇಲೆ ಗುರುತು ಹಾಕದೆ ಎಳೆ ಎಣಿಸಿಯೇ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಹೊಲಿಗೆಗಳನ್ನು ಹಾಕುತ್ತಾರೆ. ಗೋಪುರ, ತೇರು, ಆನೆಗಳನ್ನು ಒಂದೂಕಾಲು ಅಂಗುಲ ಅಗಲದ ಪಟ್ಟಿಯಲ್ಲಿ ಕಸೂತಿ ಹಾಕಿಸಿ, ಚಪ್ಪಲಿ ಹೊಲಿಯುವವರ ಬಳಿ ಚರ್ಮಕ್ಕೆ ಕೂಡಿಸಿ ಹೊಲಿಸಿಕೊಂಡರೆ ಶೈಲಿಯ ನಿಯಮವೂ ಉಳಿಯುತ್ತದೆ, ಬೆಲ್ಟ್ ನಿಮ್ಮ ಊರಿನದೂ ಆಗುತ್ತದೆ.

ಚೀಲ ಕ್ಯಾನ್ವಾಸಿನದ್ದಿರಲಿ. ಇಂದು ಕಡಲತೀರಕ್ಕೂ ಸಂತೆಗೂ ಎಲ್ಲರೂ ಒಯ್ಯುವ ಬೀನ್ ಕಂಪನಿಯ ಚೀಲ 1944ರಲ್ಲಿ ಹುಟ್ಟಿದ್ದು ಮಂಜುಗಡ್ಡೆ ಹೊರಲು. ಅದರ ಮೇಲೆ ಹೆಸರಿನ ಮೊದಲಕ್ಷರಗಳನ್ನು ಹೊಲಿಸುವ ರೂಢಿಯಿದೆ: ಗಂಡಸರಿಗೆ ಮೂರಕ್ಷರ ಒಂದೇ ಅಳತೆಯಲ್ಲಿ ಸಾಲಾಗಿ, ಹೆಂಗಸರಿಗೆ ಮನೆತನದ ಹೆಸರಿನ ಅಕ್ಷರ ನಡುವೆ ದೊಡ್ಡದಾಗಿ. ಊರು ಮತ್ತು ತಂದೆಯ ಹೆಸರನ್ನು ಮುಂದಿಡುವ ನಮ್ಮ ಹೆಸರುಗಳು ಈ ಚೌಕಟ್ಟಿಗೆ ಹೊಂದುವುದಿಲ್ಲ. ನೀವು ಸಹಿ ಮಾಡುವ ಕ್ರಮದಲ್ಲೇ ಅಕ್ಷರಗಳನ್ನಿಡಿ. ಕನ್ನಡದ ಗುಂಡಕ್ಷರವಾದರೆ ಒಂದೇ ಅಕ್ಷರ ಸಾಕು, ‘ಜ’ ಅಥವಾ ‘ಶ’ ದಪ್ಪ ನೂಲಿನಲ್ಲಿ ಮೂಡಿದಾಗ ಎಷ್ಟು ಚೆನ್ನಾಗಿ ಕಾಣುತ್ತದೆಂದು ಹೊಲಿಸಿ ನೋಡಿಯೇ ತಿಳಿಯಬೇಕು.

ಆರನೆಯ ಹೆಜ್ಜೆ: ಓದು

ಉಡುಗೆಯನ್ನು ಮಾತ್ರ ತೆಗೆದುಕೊಂಡು ಓದನ್ನು ಬಿಟ್ಟವರಿಗೆ ಈ ಶೈಲಿ ದಕ್ಕುವುದಿಲ್ಲ. ಎಕ್ಸೆಟರ್ ಶಾಲೆಯಲ್ಲಿ 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಕೊಟ್ಟ ದೊಡ್ಡ ದತ್ತಿಯಿಂದ ತರಗತಿಯ ರೂಪವೇ ಬದಲಾಯಿತು. ಸಾಲು ಬೆಂಚುಗಳು ಹೋಗಿ ಅಂಡಾಕಾರದ ಒಂದು ಮೇಜು ಬಂತು. ಸುಮಾರು ಹನ್ನೆರಡು ಮಕ್ಕಳು, ಒಬ್ಬ ಶಿಕ್ಷಕರು ಸುತ್ತ ಕೂತು, ಓದಿ ಬಂದದ್ದನ್ನು ಮುಖಾಮುಖಿ ಚರ್ಚಿಸುವ ಪದ್ಧತಿ ಇಂದಿಗೂ ನಡೆದಿದೆ. ಅದೇ ಶಾಲೆಯ ಗ್ರಂಥಾಲಯವನ್ನು ಕಟ್ಟಿದವರು ಲೂಯಿ ಕಾನ್, ಅಹಮದಾಬಾದಿನ ಐಐಎಂ ಕಟ್ಟಿದವರು. ಪುಸ್ತಕವನ್ನು ಕಪಾಟಿನಿಂದ ತೆಗೆದು ಬೆಳಕಿನ ಕಡೆಗೆ ಒಯ್ಯುವ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಕಿಟಕಿಯ ಪಕ್ಕದಲ್ಲೇ ಓಕ್ ಮರದ ಓದುಮೇಜುಗಳನ್ನು ಇರಿಸಿದರು. ಪ್ರತಿ ಮೇಜಿನ ಕಿಟಕಿಗೂ ಸರಿಸಿ ಮುಚ್ಚಬಹುದಾದ ಪುಟ್ಟ ಬಾಗಿಲೊಂದಿದೆ.

ಇದನ್ನು ಮನೆಯಲ್ಲಿ ಅನುಸರಿಸುವುದು ಕಷ್ಟವಲ್ಲ. ಕಿಟಕಿಯ ಪಕ್ಕ ಒಂದು ಕುರ್ಚಿ, ಸಣ್ಣ ಮೇಜು, ಪೆನ್ಸಿಲ್ ಇಟ್ಟು, ಫೋನನ್ನು ಇನ್ನೊಂದು ಕೋಣೆಯಲ್ಲಿ ಬಿಡಿ. ತಿಂಗಳಿಗೊಮ್ಮೆ ಆರೆಂಟು ಮಂದಿ ಸ್ನೇಹಿತರನ್ನು ಊಟದ ಮೇಜಿನ ಸುತ್ತ ಕೂರಿಸಿ. ಎಲ್ಲರೂ ಅದೇ ಇಪ್ಪತ್ತು ಪುಟ ಓದಿ ಬಂದಿರಲಿ, ಮಾತಾಡುವವರು ಪುಸ್ತಕದ ಸಾಲನ್ನು ತೋರಿಸಿ ಮಾತಾಡಲಿ, ಯಾರೂ ಉಪನ್ಯಾಸ ಕೊಡದಿರಲಿ. ಯಾವ ಪುಸ್ತಕ ಎಂಬುದಕ್ಕೆ ನನ್ನ ಸಲಹೆ ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ 2015ರಿಂದ ಹೊರತರುತ್ತಿರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್ ಇರುವ ಈ ಮಾಲೆಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥ ಅವರ ಅನುವಾದದೊಂದಿಗೆ ಕನ್ನಡ ಲಿಪಿಯಲ್ಲೇ ಅಚ್ಚಾಗಿದೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಬಲಪುಟ ಓದಲಿ, ಅಜ್ಜಿ ಎಡಪುಟ ಓದಲಿ. ಒಂದೇ ಮೇಜಿಗೆ ಎರಡು ತಲೆಮಾರು ಬರುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ನನಗೆ ಗೊತ್ತಿಲ್ಲ.

ಏಳನೆಯ ಹೆಜ್ಜೆ: ಬಿಡುವು

ಟೆನಿಸ್, ಹಾಯಿದೋಣಿ, ಸ್ಕ್ವಾಷ್, ಕ್ರೋಕೆ ಇವು ಅಲ್ಲಿಯ ರೂಢಿಯ ಆಟಗಳು. ಅಮೆರಿಕದ ರಾಷ್ಟ್ರೀಯ ಟೆನಿಸ್ ಪಂದ್ಯಾವಳಿ ಮೊದಲು ನಡೆದದ್ದು 1881ರಲ್ಲಿ, ರೋಡ್ ಐಲೆಂಡಿನ ನ್ಯೂಪೋರ್ಟ್ ಕ್ಯಾಸಿನೋದ ಹುಲ್ಲಿನ ಅಂಕಣದಲ್ಲಿ. ನವೆಂಬರ್ ತಿಂಗಳ ಹಾರ್ವರ್ಡ್–ಯೇಲ್ ಅಮೆರಿಕನ್ ಫುಟ್‌ಬಾಲ್ ಪಂದ್ಯ 1875ರಿಂದ ಬಂದದ್ದು. ಆ ದಿನ ಕ್ರೀಡಾಂಗಣದ ಹೊರಗೆ ಕಾರಿನ ಡಿಕ್ಕಿ ತೆರೆದು, ಬುಟ್ಟಿಯಲ್ಲಿ ತಂದ ತಿಂಡಿ ಹಂಚಿಕೊಂಡು ತಿನ್ನುವುದನ್ನು ನೋಡಲಾದರೂ ಒಮ್ಮೆ ಹೋಗಬೇಕು. ಮಳೆಯ ದಿನಕ್ಕೆ ಮನೆಯಲ್ಲಿ ಬ್ಯಾಕ್‌ಗ್ಯಾಮನ್ ಹಲಗೆ ಇರುತ್ತದೆ. ಪಗಡೆ, ಚೌಕಾಬಾರ ಬಲ್ಲವರಿಗೆ ಅದು ಅರ್ಧ ಗಂಟೆಯಲ್ಲಿ ಕೈಗೆ ಬರುತ್ತದೆ; ಕವಡೆಯ ಚೌಕಾಬಾರವನ್ನೇ ಮೇಜಿನ ಮೇಲಿಟ್ಟರೂ ಅತಿಥಿಗಳು ಸಂತೋಷದಿಂದ ಕಲಿಯುತ್ತಾರೆ.

ಎಂಟನೆಯ ಹೆಜ್ಜೆ: ಅತಿಥಿಗಳನ್ನು ಕರೆಯುವುದು

ಕರೆಯುವಾಗ ಆರಂಭದ ಹೊತ್ತನ್ನೂ ಮುಗಿಯುವ ಹೊತ್ತನ್ನೂ ಹೇಳಿಬಿಡಿ: ಸಂಜೆ ಐದರಿಂದ ಏಳು. ನಮಗೆ ಇದು ಮೊದಲಿಗೆ ಒರಟೆನಿಸುತ್ತದೆ, ಬಂದವರನ್ನು ಉಣ್ಣಿಸದೆ ಕಳುಹಿಸುವುದುಂಟೇ ಎಂದು ಮನಸ್ಸು ಹಿಂಜರಿಯುತ್ತದೆ. ಆದರೆ ಇದು ಊಟದ ಕರೆಯಲ್ಲ ಎಂದು ಎಲ್ಲರಿಗೂ ಮೊದಲೇ ತಿಳಿದಿರುವುದರಿಂದ ಕರೆದವರಿಗೂ ಬಂದವರಿಗೂ ನಿರಾಳ. ಇದೇ ಕಾರಣಕ್ಕೆ ತಿಂಗಳಿಗೆರಡು ಸಲ ಕರೆಯುವುದಕ್ಕೂ ಸಾಧ್ಯವಾಗುತ್ತದೆ.

ತಿಂಡಿ ಮೂರು ಬಗೆ ಸಾಕು. ಕಡಲ ತಡಿಯ ಮನೆಗಳಲ್ಲಿ ಲಾಬ್‌ಸ್ಟರ್, ಮರುವಾಯಿಯಂಥ ಚಿಪ್ಪಿನ ಸೂಪು ಇರುತ್ತವೆ. ಸಸ್ಯಾಹಾರಿಗಳು ವರ್ಮಾಂಟ್ ಚೆಡ್ಡರ್ ಚೀಸ್ ಮತ್ತು ಬಿಸ್ಕತ್ತು, ಸೌತೆಕಾಯಿ ಸ್ಯಾಂಡ್‌ವಿಚ್, ಆಗಸ್ಟಿನಲ್ಲಾದರೆ ಎಳೆ ಮೆಕ್ಕೆಜೋಳ ಇಟ್ಟುಕೊಳ್ಳಬಹುದು. ಜೋಳವನ್ನು ಕುದಿಯುವ ನೀರಿನಲ್ಲಿ ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ; ಬೆಣ್ಣೆ, ಉಪ್ಪಿನ ಜೊತೆಗೆ ನಿಂಬೆ ಹೋಳು, ಖಾರದ ಪುಡಿಯನ್ನೂ ಪಕ್ಕದಲ್ಲಿಡಿ. ಹೆಸರುಬೇಳೆ ಕೋಸಂಬರಿಯನ್ನು ಸಣ್ಣ ಬಟ್ಟಲುಗಳಲ್ಲಿ ಕೊಟ್ಟಾಗ ನಮ್ಮ ನೆರೆಯವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡಿದ್ದಾರೆ. ತಟ್ಟೆಗಳು ಜೋಡಿಯಾಗಿಲ್ಲದಿದ್ದರೆ ಚಿಂತೆಯಿಲ್ಲ, ಆದರೆ ಕೈವಸ್ತ್ರ ಬಟ್ಟೆಯದ್ದೇ ಇರಲಿ. ಕುಡಿಯಲು ಅಲ್ಲಿ ಜಿನ್ ಮತ್ತು ಟಾನಿಕ್ ಕೊಡುವುದುಂಟು. ಕುಡಿಯದವರಿಗೆ ನಿಂಬೆ ಪಾನಕವನ್ನು ಅದೇ ಬಗೆಯ ಉದ್ದ ಗಾಜಿನ ಲೋಟದಲ್ಲಿ ಕೊಡಿ, ಆಗ ಯಾರೂ ಬೇರೆಯೆನಿಸುವುದಿಲ್ಲ.

ಮಂಜುಗಡ್ಡೆಯನ್ನು ಧಾರಾಳವಾಗಿ ತಂದಿಡಿ, ತಲೆಗೆ ಅರ್ಧ ಕಿಲೋ ಲೆಕ್ಕದಲ್ಲಿ. ಆ ಗಡ್ಡೆಗೂ ಒಂದು ಕಥೆಯಿದೆ, ಮಾತು ನಿಂತಾಗ ಹೇಳಬಹುದು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಚಳಿಗಾಲದಲ್ಲಿ ಕೊಳಗಳ ಮಂಜನ್ನು ಕೊಯ್ದು ಮರದ ಹೊಟ್ಟಿನಲ್ಲಿ ಮುಚ್ಚಿ ಹಡಗಿನಲ್ಲಿ ಮಾರುತ್ತಿದ್ದ. 1833ರಲ್ಲಿ ಮೊದಲ ಸರಕು ಕಲ್ಕತ್ತೆಗೆ ಬಂತು, ಮುಂದೆ ಮದರಾಸಿನಲ್ಲೂ ಮಂಜಿನ ಮನೆ ಎದ್ದಿತು. 1897ರಲ್ಲಿ ವಿವೇಕಾನಂದರು ತಂಗಿದ್ದ, ಇಂದು ಅವರ ಹೆಸರು ಹೊತ್ತ ಚೆನ್ನೈನ ಐಸ್ ಹೌಸ್ ಅದೇ. ಹಾರ್ವರ್ಡಿನಲ್ಲಿ ಓದಿ ವಾಲ್ಡನ್ ಕೊಳದ ದಡದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಹೆನ್ರಿ ಡೇವಿಡ್ ಥೋರೋ, 1846–47ರ ಚಳಿಗಾಲದಲ್ಲಿ ಆ ಕೊಳದ ಮಂಜನ್ನು ಕೊಯ್ಯುವುದನ್ನು ಕಂಡು, ತಾನು ಬೆಳಗ್ಗೆ ಭಗವದ್ಗೀತೆ ಓದುವ ಹೊತ್ತಿಗೆ ಮದರಾಸು, ಮುಂಬಯಿ, ಕಲ್ಕತ್ತೆಯ ಜನ ತನ್ನ ಬಾವಿಯ ನೀರು ಕುಡಿಯುತ್ತಾರೆಂದು ಬರೆದಿದ್ದಾನೆ. ಅಲ್ಲಿಂದ ಮಂಜು, ಇಲ್ಲಿಂದ ಚೌಕುಳಿ ಬಟ್ಟೆ.

ನೀವೇ ಅತಿಥಿಯಾಗಿ ಹೋದಾಗ ಹೇಳಿದ ಹೊತ್ತಿಗಿಂತ ಮೊದಲು ಹೋಗಬೇಡಿ. ಐದು ಹತ್ತು ನಿಮಿಷ ತಡವಾದರೆ ಮನೆಯವರಿಗೆ ಅನುಕೂಲ. ಕೈಯಲ್ಲಿ ಸಣ್ಣದೇನಾದರೂ ಇರಲಿ, ಮನೆಯ ನಿಂಬೆ ಉಪ್ಪಿನಕಾಯಿಯ ಶೀಸೆಯೂ ಆದೀತು. ಮರಳಿದ ಮೇಲೆ ವಾರದೊಳಗೆ ಕೈಬರಹದಲ್ಲಿ ಒಂದು ಕೃತಜ್ಞತೆಯ ಪತ್ರ ಬರೆಯುವುದನ್ನು ಅಲ್ಲಿಯವರು ಚಿಕ್ಕಂದಿನಿಂದ ಕಲಿತಿರುತ್ತಾರೆ. ನಾಲ್ಕು ಸಾಲು ಸಾಕು: ಕರೆದದ್ದಕ್ಕೆ ಧನ್ಯವಾದ, ಆ ಸಂಜೆಯಲ್ಲಿ ನಿಮಗೆ ಇಷ್ಟವಾದ ಒಂದು ಖಚಿತವಾದ ಸಂಗತಿ, ಮತ್ತೆ ಯಾವಾಗ ಭೇಟಿಯಾಗೋಣ ಎಂಬ ಮಾತು, ನಿಮ್ಮ ಹೆಸರು. ಖಚಿತವಾದ ಆ ಒಂದು ಸಂಗತಿಯನ್ನು ಮಾತ್ರ ಬಿಡಬೇಡಿ. ನನ್ನ ಮೊದಲ ಪತ್ರದಲ್ಲಿ ನಾನು ಪಕ್ಕದ ಮನೆಯ ಹಿರಿಯರಿಗೆ ಅವರ ಶೂವಿನ ಬಣ್ಣ ಎಷ್ಟು ವರ್ಷಕ್ಕೆ ಹಾಗೆ ಬಂದದ್ದು ಎಂದು ಕೇಳಿದ್ದೆ. ಇಪ್ಪತ್ತೆರಡು ವರ್ಷ ಎಂದು ಅವರು ಇನ್ನೊಂದು ಕಾರ್ಡಿನಲ್ಲಿ ಉತ್ತರ ಬರೆದು, ಅಟ್ಟೆ ಹಾಕಿಕೊಡುವ ಅಂಗಡಿಯ ವಿಳಾಸವನ್ನೂ ಕೆಳಗೆ ಬರೆದಿದ್ದರು.